ಹಳದಿ ಹಾಳೆಯಲ್ಲಿ ಬಿಟ್ಟ ಜಾಗ

ಹೋದ ಭಾನುವಾರ ಅಕ್ಕನ ಮಗಳು ಸೇಡಂನಿಂದ ಬಂದಳು. ಚಪ್ಪಲಿ ಬಿಟ್ಟವಳೇ ಒಳಕೋಣೆಗೆ ಹೋಗಿ ನನ್ನ ಬೀರುವಿನ ಬಾಗಿಲು ತೆಗೆದಳು. ಡಾಂಬರ್ ಗುಳಿಗೆಯ ವಾಸನೆ ಅಡುಗೆಮನೆಯವರೆಗೂ ಬಂತು. ಗುಳಿಗೆಗಳನ್ನು ನಾನು ಸ್ವಲ್ಪ ಜಾಸ್ತಿಯೇ ಹಾಕುತ್ತೇನೆ. ಬೀರುವಿನಿಂದ ತೆಗೆದ ಸೀರೆ ಉಟ್ಟು ಶಾಲೆಗೆ ಹೋದ ದಿನ ಮೊದಲನೇ ಬೆಂಚಿನ ಹುಡುಗಿಯರು ಮೂಗು ಉಜ್ಜಿಕೊಳ್ಳುವುದನ್ನು ಕಂಡಿದ್ದೇನೆ.

"ಚಿಗವ್ವ, ಇದೊಂದು ಕೊಡು. ಗೆಳತಿ ಎಂಗೇಜ್‌ಮೆಂಟ್ ಅದ. ಮಂಗಳವಾರ ಇಸ್ತ್ರಿ ಮಾಡಿಸೇ ತಂದುಕೊಡ್ತೀನಿ."

"ಬ್ಯಾಡವ್ವ. ನಡಿ ಅಂಗಡಿಗಿ ಹೋಗೋಣು, ಹೊಸಾದು ಕೊಡಸ್ತೀನಿ. ನನ್ನದು ಬ್ಯಾಡ."

"ಯಾಕ? ಹರೀತೀನೇನು? ಇಷ್ಟೊಂದು ಸೀರಿ ಇಟ್ಟಗೊಂಡು ಏನ್ ಮ್ಯೂಸಿಯಂ ಮಾಡ್ತೀಯೇನು ನೀ?"

ನಾನು ನಕ್ಕೆ. ಅವಳು ನಗಲಿಲ್ಲ. ಚಹಾ ಅರ್ಧ ಕುಡಿದು, ಇನ್ನರ್ಧ ಬೇಕೆಂದೇ ಬಿಟ್ಟು, ಎರಡು ಗಂಟೆಯ ಬಸ್ಸು ಹಿಡಿದು ಹೋದಳು. ನಾನು ಬೀರುವಿನ ಮುಂದೆ ಎಷ್ಟೋ ಹೊತ್ತು ನಿಂತಿದ್ದೆ.

ನೀವೂ ನನ್ನನ್ನು ಜಿಪುಣಿ ಎಂದುಕೊಂಡಿರಬಹುದು. ಜಿಪುಣತನ ಇಲ್ಲವೆಂದಲ್ಲ, ಸೀಮೆಸುಣ್ಣದ ಚೂರನ್ನೂ ನಾನು ಎಸೆಯುವುದಿಲ್ಲ. ಆದರೆ ಸೀರೆಯ ವಿಷಯ ಬೇರೆ. ಅದನ್ನು ಹೇಳುವ ಮೊದಲು ಒಂದು ಮಾತು. ನನ್ನ ನೆನಪನ್ನು ನಾನು ನಂಬುವುದಿಲ್ಲ. ಹಾಗಾಗಿ ಹಳೆಯ ದಿನಚರಿಗಳನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಆ ದಿನಚರಿಯೊಳಗೂ ನನ್ನದೇ ಅಕ್ಷರದಲ್ಲಿ ಒಂದು ಸುಳ್ಳು ಇದೆ. ಅದು ಯಾವುದೆಂದು ಮುಂದೆ ಹೇಳುತ್ತೇನೆ.

ನಾನು ವಾಡಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಲಬುರಗಿಯಲ್ಲಿ ಎಂ.ಎಸ್ಸಿ. ಓದಿ, ಇಲ್ಲಿಗೆ ಬಂದು, ಇಲ್ಲಿಯೇ ಉಳಿದುಬಿಟ್ಟೆ. ಕಿಟಕಿ ತೆರೆದಿಟ್ಟರೆ ಮಧ್ಯಾಹ್ನದೊಳಗೆ ಮೇಜಿನ ಮೇಲೆ ಸಿಮೆಂಟ್ ಕಾರ್ಖಾನೆಯ ಧೂಳು ಕೂರುತ್ತದೆ, ಬೆರಳಿನಿಂದ ಹೆಸರು ಬರೆಯಬಹುದು. ಜಂಕ್ಷನ್ನಿನಿಂದ ರೈಲುಗಾಡಿ ಬರುವ ಘೋಷಣೆ ಕೇಳಿಸಿದಾಗಲೆಲ್ಲ ಪಾಠ ಅರ್ಧ ನಿಮಿಷ ನಿಲ್ಲಿಸುವುದು ಅಭ್ಯಾಸವಾಗಿದೆ. ರಜೆಯಲ್ಲಿ ಬೇರೆ ಊರಿಗೆ ಹೋದಾಗಲೂ ಮಾತಿನ ನಡುವೆ ಹಾಗೆಯೇ ನಿಲ್ಲಿಸುತ್ತೇನೆ, ಎದುರಿನವರು ನಾನು ಏನನ್ನೋ ಮರೆತೆನೆಂದು ಕಾಯುತ್ತಾರೆ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು ನಾಗಮ್ಮ. ಗಂಡ ರೈಲ್ವೆ ಗ್ಯಾಂಗಿನಲ್ಲಿದ್ದು ತೀರಿಕೊಂಡಿದ್ದ. ಒಬ್ಬಳೇ ಮಗಳು, ಸುಜಾತಾ. ಎಂಟರಿಂದ ಹತ್ತನೆಯ ತರಗತಿಯವರೆಗೆ ನನ್ನ ಮುಂದೆ ಕುಳಿತವಳು. ಓದಿನಲ್ಲಿ ಸಾಧಾರಣ, ಮಾತಿನಲ್ಲಿ ನನಗಿಂತ ಮುಂದೆ. ಅವಳಿಗೆ ಊರಿನ ಮೆಡಿಕಲ್ ಶಾಪಿನಲ್ಲಿ ಕೆಲಸ ಸಿಕ್ಕಿದಾಗ ನನ್ನದೊಂದು ಗಿಳಿಹಸಿರು ಸೀರೆ ಕೊಟ್ಟೆ. ಸೆರಗು ಬೆಂಚಿನ ಮೊಳೆಗೆ ಸಿಕ್ಕಿ ಹರಿದಿತ್ತು. ನಾನೇ ರಫು ಮಾಡಿದ್ದೆ, ಬಣ್ಣ ಹೊಂದದ ದಾರದಲ್ಲಿ, ಅಡ್ಡಾದಿಡ್ಡಿಯಾಗಿ. ಸುಜಾತಾ ಸೆರಗನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಕ್ಕೋರೆ, ಇದು ರಫು ಏನ್ರಿ, ಇಲ್ಲಾ ವಾಡಿ ಜಂಕ್ಷನ್ನಾ? ನಾಕೂ ದಿಕ್ಕಿಗಿ ರೈಲ್ ಪಟ್ಟಿ ಹೋಗ್ಯಾವ!"

ಹಾಗೆಂದು ನಕ್ಕಳು. ನಕ್ಕಳು ಎಂದು ಬರೆದೆ. ಆ ನಗು ನನಗೆ ಈಗಲೂ ಕೇಳಿಸುತ್ತದೆ, ಮೊದಲು ಮೂಗಿನಲ್ಲಿ ಶುರುವಾಗಿ ಆಮೇಲೆ ಬಾಯಿಗೆ ಬರುವ ನಗು. ಆದರೆ ನಗುವಾಗಿನ ಅವಳ ಬಾಯಿ ಎಷ್ಟು ಯತ್ನಿಸಿದರೂ ಕಣ್ಣಿಗೆ ಬರುವುದಿಲ್ಲ. ಇದನ್ನು ನೀವು ನೆನಪಿಡಿ.

ಆ ವರ್ಷದ ಶ್ರಾವಣದಲ್ಲಿ ಅವರ ಹತ್ತಿರದ ಬಂಧುಗಳ ಮನೆಯಲ್ಲಿ ಮದುವೆ ಇತ್ತು, ಕಾಳಗಿ ಕಡೆಯ ಒಂದು ಹಳ್ಳಿಯಲ್ಲಿ. ನಾಗಮ್ಮನಿಗೆ ಶಾಲೆ ಬಿಟ್ಟು ಹೋಗಲಾಗಲಿಲ್ಲ, ಮಗಳನ್ನು ಕಳಿಸಿದಳು. ಬೆಳಿಗ್ಗೆ ನಾನು ಶಾಲೆಗೆ ಹೋಗುವಾಗ ಸುಜಾತಾ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಅದೇ ಗಿಳಿಹಸಿರು ಸೀರೆ. ರಫು ಕಾಣದ ಹಾಗೆ ಸೆರಗನ್ನು ಮಡಚಿ ಪಿನ್ ಹಾಕಿದ್ದಳು. ಕೈ ಬೀಸಿದಳು, ನಾನೂ ಬೀಸಿದೆ.

ಸಂಜೆ ವಾಪಸ್ಸು ಬರುವಾಗ ಮದುವೆಯವರ ಟೆಂಪೋ ಕಾಗಿಣಾ ನದಿಯ ಒಂದು ತಗ್ಗು ಸೇತುವೆಯ ಮೇಲೆ ಕೊಚ್ಚಿಹೋಯಿತು. ಮೇಲೆ ಹರಿಯುತ್ತಿದ್ದುದು ಮೊಳಕಾಲುದ್ದದ ನೀರು, ದಾಟಬಹುದೆಂದು ಚಾಲಕನಿಗೆ ಅನ್ನಿಸಿತ್ತಂತೆ. ಕೆಲವರು ಈಜಿ ಬದುಕಿದರು. ಉಳಿದವರ ಹೆಣಗಳು ಎರಡು ದಿನದಲ್ಲಿ ಒಂದೊಂದಾಗಿ ಸಿಕ್ಕವು. ಸಿಗದೇ ಉಳಿದವರು ಇಬ್ಬರು ಹುಡುಗಿಯರು. ಒಬ್ಬಳು ಸುಜಾತಾ. ಇನ್ನೊಬ್ಬಳು ಅನಸೂಯಾ, ಮದುಮಗಳ ಗೆಳತಿ. ಚಿಂಚೋಳಿ ಕಡೆಯ ಹಳ್ಳಿಯವಳು, ಶಹಾಬಾದಿನಲ್ಲಿ ಕೋಣೆ ಮಾಡಿಕೊಂಡು ನರ್ಸಿಂಗ್ ಓದುತ್ತಿದ್ದಳು. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ಎತ್ತರ.

ಐದನೆಯ ದಿನ ನದಿಯ ಕೆಳಹರಿವಿನಲ್ಲಿ, ಶಹಾಬಾದಿನ ಕಡೆಗೆ, ಜಾಲಿ ಗಿಡದ ಬುಡದಲ್ಲಿ ಒಂದು ಹೆಣ ಸಿಕ್ಕಿಕೊಂಡಿತ್ತು. ನಾನು ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಪೊಲೀಸಪ್ಪ ಬಾಗಿಲಲ್ಲಿ ನಿಂತ.

"ಮೇಡಂ, ಹೆಣ್ಣು ಹೆಣ ಅದ. ಪಂಚನಾಮಿಗಿ ಹೆಣ್ಮಕ್ಕಳು ಪಂಚರು ಬೇಕಾಗ್ಯಾರ. ಅಂಗನವಾಡಿಯಾಕಿ ಒಬ್ಬಾಕಿ ಬಂದಾಳ, ಇನ್ನೊಬ್ಬರು ನೀವು ಬರ್ರಿ. ಹತ್ತು ಮಿನಿಟಿನ ಕೆಲಸ."

ಪಂಚರೆಂದರೆ ಸಾಕ್ಷಿಗಳು. ಹೆಣದ ಮೇಲೆ ಏನಿತ್ತು, ಹೇಗಿತ್ತು ಎಂದು ಪೊಲೀಸರು ಬರೆದುಕೊಂಡದ್ದನ್ನು ನಾವೂ ನೋಡಿದೆವು ಎಂದು ಸಹಿ ಹಾಕುವವರು. ಸರ್ಕಾರಿ ನೌಕರರ ಸಹಿಗೆ ತೂಕ ಹೆಚ್ಚು ಎಂದು ಅವರ ಲೆಕ್ಕ.

ಆಸ್ಪತ್ರೆಯ ಹಿಂದೆ, ಬೇವಿನ ಮರದ ಪಕ್ಕ, ತಗಡಿನ ಮಾಡಿನ ಒಂದು ಕೋಣೆ. ನಾಗಮ್ಮ ಮರದ ಬುಡದಲ್ಲಿ ಕುಳಿತಿದ್ದಳು, ಎರಡೂ ಕೈಯಿಂದ ನೆಲ ಹಿಡಿದುಕೊಂಡಂತೆ. ಸ್ವಲ್ಪ ದೂರದಲ್ಲಿ ಅನಸೂಯಾಳ ಅಪ್ಪ ಶರಣಪ್ಪ ಕೊಡೆ ಹಿಡಿದು ನಿಂತಿದ್ದ. ಮಳೆ ಇರಲಿಲ್ಲ. ಕೊಡೆ ಬಿಚ್ಚಿಯೇ ಇತ್ತು.

ಕಲಬುರಗಿಯಿಂದ ಬಂದಿದ್ದ ಡಾಕ್ಟರಮ್ಮ ವರಾಂಡದಲ್ಲಿ ಮೇಜು ಹಾಕಿಸಿಕೊಂಡಿದ್ದರು. ಸಾವಿನ ಕಾರಣ ಹುಡುಕುವುದು, ಗುರುತು ಸಿಗದ ಹೆಣಗಳಿಗೆ ಹೆಸರು ಹುಡುಕುವುದು ಅವರ ಕೆಲಸ. ನನಗಿಂತ ಹತ್ತು ವರ್ಷವಾದರೂ ಚಿಕ್ಕವರು, ಬೀದರ್ ಕಡೆಯ ಮಾತು. ಅವರ ಮುಂದೆ ಎರಡು ಬಣ್ಣದ ಹಾಳೆಗಳಿದ್ದವು, ಹಳದಿ ಮತ್ತು ಗುಲಾಬಿ.

"ಅಕ್ಕೋರೆ, ಆ ಸುಜಾತಾ ಅನ್ನೂ ಹುಡುಗಿ ನಿಮಗ ಗುರುತದಾಳೇನು?"

"ನನ್ನ ವಿದ್ಯಾರ್ಥಿನಿ."

"ಹಂಗಾದ್ರ ಒಳಗ ಬರಬ್ಯಾಡ್ರಿ. ಮೊದಲ ಇಲ್ಲಿ ಕುಂದ್ರಿ, ಈ ಹಳದಿ ಹಾಳಿ ತುಂಬ್ರಿ. ಬದುಕಿದ್ದಾಗ ಆಕಿ ಹ್ಯಾಂಗಿದ್ಳು, ನಿಮಗ ನೆನಪಿದ್ದಷ್ಟೇ ಬರೀರಿ. ನಾ ಒಳಗ ನೋಡಿದ್ದು ಗುಲಾಬಿ ಹಾಳಿಮ್ಯಾಗ ಬರಿತೀನಿ. ನಾ ಕೂಡಸೂ ತನಕ ಇವೆರಡೂ ಒಂದರ ಮಾರಿ ಒಂದು ನೋಡಬಾರದು."

ಕೋಣೆಯ ಬಾಗಿಲಲ್ಲಿ ಕೈಗವಸು ತೊಟ್ಟು ನಿಂತಿದ್ದ ಹುಸೇನಪ್ಪ, ಹೆಣ ಕೊಯ್ದು ಹೊಲಿಯುವ ಕೆಲಸದವನು, "ನಮ್ಮ ಅಜ್ಜನ ಕಾಲದ ಮದಿವಿ ಗಂಡು ಹೆಣ್ಣು ಇದ್ದಂಗ್ರಿ" ಎಂದ. ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿದಂತಿರಲಿಲ್ಲ.

ಹಳದಿ ಹಾಳೆಯನ್ನು ನಾನು ಪರೀಕ್ಷೆ ಬರೆಯುವವಳ ಹಾಗೆ ತುಂಬಿದೆ. ಎತ್ತರ, ನನ್ನ ಕಿವಿಯವರೆಗೆ. ಕೂದಲು, ಸೊಂಟದವರೆಗೆ. ಎಡಗೈ ಮೇಲೆ ಒಗ್ಗರಣೆ ಸಿಡಿದ ಕಲೆ. ಸೀರೆಯ ಬಗ್ಗೆ ಅರ್ಧ ಪುಟ ಬರೆದೆ, ರಫುವಿನ ಚಿತ್ರವನ್ನೂ ಬಿಡಿಸಿದೆ. ನನ್ನ ಅಕ್ಷರ ಚೆಂದವಾಗಿದೆ ಎಂದು ಆ ಹೊತ್ತಿನಲ್ಲೂ ನನಗೆ ಅನ್ನಿಸಿತ್ತು, ನಾಚಿಕೆಯಿಂದ ಹೇಳುತ್ತಿದ್ದೇನೆ. ಆಮೇಲೆ ಒಂದು ಸಾಲು ಬಂತು. 'ಹಲ್ಲು: ಬಣ್ಣ, ಸಾಲು, ಬಿದ್ದದ್ದು, ತುಂಬಿಸಿದ್ದು.' ಪೆನ್ನು ನಿಂತಿತು. ಮೂರು ವರ್ಷ ದಿನವೂ ನೋಡಿದ ಮುಖ. ಏನೂ ಬರಲಿಲ್ಲ. ಆ ಜಾಗ ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದೆ.

ನೀವು ಈಗ ಒಂದು ಗಳಿಗೆ ನಿಲ್ಲಿಸಿ ನಿಮ್ಮ ಮನೆಯವರ ಹಲ್ಲು ನೆನೆಸಿಕೊಂಡು ನೋಡಿ. ಹೊರಗೆ ಕಾಣುವ ಮುಂದಿನ ಎರಡು ಹಲ್ಲು ಸಾಕು.

ಅಷ್ಟರಲ್ಲಿ ಡಾಕ್ಟರಮ್ಮ ಶರಣಪ್ಪನನ್ನು ಕರೆದು, ಮಗಳು ಏನು ತೊಟ್ಟಿದ್ದಳು ಎಂದು ಕೇಳಿದರು.

"ಚೂಡಿದಾರ್ರಿ ಮೇಡಂ. ಮುಂಜಾನಿ ಫೋಟೋ ಕಳ್ಸಿದ್ಳು. ನಮ್ಮಾಕಿ ಸೀರಿ ಉಡಾಕಿನೇ ಅಲ್ರಿ."

"ಹಂಗಾದ್ರ ನಿಂದಲ್ಲ ತಗೋ. ಒಳಗಿರೂದು ಹಸರ ಸೀರಿ" ಎಂದುಬಿಟ್ಟ ಪೊಲೀಸಪ್ಪ.

"ನಿಮ್ಮನ್ನ ಯಾರು ಕೇಳಿದ್ರು?" ಡಾಕ್ಟರಮ್ಮನ ದನಿ ಏರಿತು. ಆದರೆ ಮಾತು ಹೊರಗೆ ಬಿದ್ದಾಗಿತ್ತು. ಶರಣಪ್ಪ ಉಸಿರು ಬಿಟ್ಟ. ಆ ಉಸಿರಿನ ಸದ್ದನ್ನು ನಾನು ಮೇಜಿನ ಹತ್ತಿರ ಕುಳಿತು ಕೇಳಿದೆ. ಒಳಗೆ ಬಂದು ನೋಡೆಂದರೆ ಒಲ್ಲೆನೆಂದ. ಕೊಡೆ ಮಡಚಿ, ನಾಗಮ್ಮನ ಮುಂದೆ ಬಂದು ಕೈ ಮುಗಿದ. "ಯವ್ವಾ, ನಿನ್ನ ಸಂಕಟ ನಂಗ ತಿಳೀತದ" ಎಂದ. ಮತ್ತೆ ನದಿಯ ಕಡೆ ಹೊರಟುಹೋದ.

ಹೆಣದ ವಾಸನೆಗೆ ಅಂಗನವಾಡಿಯವಳು ಬಾಗಿಲಿಂದಲೇ ಹಿಂದೆ ಸರಿದಳು. ಟೀಚರ್ ನೋಡಿದರೆ ಸಾಕು, ಸಹಿ ಹಾಕುತ್ತೇನೆ ಎಂದಳು. ಪೊಲೀಸಪ್ಪ ಗಡಿಯಾರ ನೋಡತೊಡಗಿದ. ಡಾಕ್ಟರಮ್ಮನಿಗೆ ಮನಸ್ಸಿರಲಿಲ್ಲ. ಗುರುತಿದ್ದವರು ಪಂಚರಾಗಬಾರದು, ಬೇರೆ ಯಾರನ್ನಾದರೂ ಕರೆಸಿ ಎಂದು ಎರಡು ಸಲ ಹೇಳಿದರು. ನಾನೇ ಎದ್ದೆ. "ಇರಲಿ ಬಿಡ್ರಿ, ನಾ ಬರ್ತೀನಿ" ಎಂದೆ. ಧೈರ್ಯವಂತೆ ಎನಿಸಿಕೊಳ್ಳುವ ಆಸೆ ಎಂಥ ಜಾಗದಲ್ಲೂ ಬಿಡುವುದಿಲ್ಲ.

ಮುಖ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ. ಕೈಯ ಚರ್ಮ ನೀರಿನಲ್ಲಿ ಕಳಚಿಹೋಗಿತ್ತು, ಕಲೆ ನೋಡಲು ಏನೂ ಉಳಿದಿರಲಿಲ್ಲ. ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆಗಳಿದ್ದವು, ಮದುವೆಮನೆಯಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ತೊಡಿಸಿದ್ದು. ಹುಸೇನಪ್ಪ ಸೆರಗನ್ನು ನೀರಿನಲ್ಲಿ ಜಾಲಿಸಿ ನನ್ನ ಮುಂದೆ ಹಿಡಿದ. ಗಿಳಿಹಸಿರು. ನಾಲ್ಕೂ ದಿಕ್ಕಿಗೆ ಪಟ್ಟಿ ಹೋದ ನನ್ನ ರಫು.

"ಇದು ನನ್ನ ಸೀರೆ" ಎಂದೆ. "ಸುಜಾತಾನೇ."

"ಸೀರಿ ನಿಮ್ಮದು ಅನ್ನೂದು ಖರೇ" ಎಂದರು ಡಾಕ್ಟರಮ್ಮ. "ಸೀರ್ಯಾಗಿರಾಕಿ ಯಾರು ಅಂತ ನಾ ಕೇಳಾಕತ್ತೀನಿ. ಇಲ್ಲಿ ನೋಡ್ರಿ."

ಬೆರಳಿನಿಂದ ಬಾಯಿ ತೆರೆದು ತೋರಿಸಿದರು. ಮುಂದಿನ ಹಲ್ಲುಗಳ ಮೇಲೆ ಅಡ್ಡಕ್ಕೆ ಕಂದು ಪಟ್ಟೆಗಳು, ನಡುನಡುವೆ ಸುಣ್ಣದಂಥ ಬಿಳಿ ಮಚ್ಚೆಗಳು.

"ಇದು ಕೊಳಿ ಅಲ್ಲ. ಸಣ್ಣಾಕಿದ್ದಾಗಿಂದ ಫ್ಲೋರೈಡ್ ಇರೂ ಬೋರಿನ ನೀರು ಕುಡದು ಬೆಳದಾಕಿ. ನೀವು ನಳದ ನೀರು ಕುಡಿಯೋ ಊರಿನವರು. ನಿಮ್ಮ ಹುಡುಗಿ ಹಲ್ಲು ಹಿಂಗಿದ್ವೇನು? ಹಳದಿ ಹಾಳಿಮ್ಯಾಗ ಆ ಜಾಗ ಖಾಲಿ ಬಿಟ್ಟೀರಿ."

ಹೊರಗಿನಿಂದ ನಾಗಮ್ಮನ ಅಳು ಕೇಳಿಸುತ್ತಿತ್ತು. ನಾನು ಹಲ್ಲುಗಳನ್ನೇ ನೋಡಿದೆ. ಮರುಕ್ಷಣ ನನಗೆ ಸುಜಾತಾ ಕಂಡಳು. ಎಂಟನೆಯ ತರಗತಿಯ ಕಿಟಕಿಯ ಪಕ್ಕ, ಬಿಸಿಲಿನಲ್ಲಿ, ನಗುತ್ತ, ಕಂದು ಪಟ್ಟೆಯ ಹಲ್ಲುಗಳನ್ನು ಪೂರ್ತಿ ಬಿಟ್ಟು.

"ಹೌದು, ಹಿಂಗೇ ಇದ್ವು. ಈಗ ನೆನಪಾಯ್ತು. ಸಣ್ಣಾಕಿದ್ದಾಗ ಅಜ್ಜಿ ಊರಾಗ ಇದ್ಳಲ್ಲ, ಅಲ್ಲಿ ನೀರು ಹಂಗ" ಎಂದೆ.

ಸುಜಾತಾ ಅಜ್ಜಿಯ ಊರಿಗೆ ಹೋಗುತ್ತಿದ್ದುದು ರಜೆಯಲ್ಲಿ ಮಾತ್ರ. ಪ್ರತಿ ವರ್ಷ ಮಕ್ಕಳಿಗೆ ನೀರಿನ ಪಾಠ ಮಾಡುವ, ಹಲಗೆಯ ಮೇಲೆ ಹಲ್ಲಿನ ಚಿತ್ರ ಬರೆದು ಫ್ಲೋರೈಡ್ ಎಂದು ಕೆಳಗೆ ಗೆರೆ ಎಳೆಯುವ ನಾನು, ಎರಡು ತಿಂಗಳ ರಜೆಯಲ್ಲಿ ಹಲ್ಲು ಹೀಗಾಗುವುದಿಲ್ಲ ಎಂಬುದನ್ನು ಆ ಕ್ಷಣ ಮರೆತೆನೇ, ಮರೆಯಬೇಕೆಂದು ಮರೆತೆನೇ? ಸುಳ್ಳು ಹೇಳಿದೆನೆಂದರೆ ಅದೂ ಪೂರ್ತಿ ನಿಜವಾಗುವುದಿಲ್ಲ. ಕಿಟಕಿಯ ಪಕ್ಕದ ಆ ಹುಡುಗಿ ನನಗೆ ಕಂಡಿದ್ದಳು. ಇವತ್ತಿಗೂ ಕಾಣುತ್ತಾಳೆ.

ಡಾಕ್ಟರಮ್ಮ, "ತಾಯಿನ್ನ ಒಂದ ಮಾತು ಕೇಳೋಣು" ಎಂದರು.

"ಆಕಿಗಿ ಯಾಕ ತ್ರಾಸ ಕೊಡ್ತೀರಿ? ನಾ ಹೇಳಾಕತ್ತೀನಲ್ಲ."

ಆದರೂ ಅವರು ಹೊರಗೆ ಹೋಗಿ ಕೇಳಿದರು. ನಾಗಮ್ಮ ತಲೆ ಎತ್ತಲಿಲ್ಲ. "ನಾ ಏನೂ ನೋಡಾಂಗಿಲ್ರಿ, ಏನೂ ಹೇಳಾಂಗಿಲ್ಲ. ಅಕ್ಕೋರು ಕಲ್ತವರು. ಅವರು ಹೌದಂದ್ರ ಹೌದು."

ಡಾಕ್ಟರಮ್ಮ ಹಳದಿ ಹಾಳೆಯನ್ನು ನನ್ನ ಮುಂದೆ ತಳ್ಳಿದರು. "ನೀವೇ ಬರೀರಿ, ನಿಮ್ಮ ಕೈಲೆ." ಬರೆದೆ. ಹುಸೇನಪ್ಪ ಬಕೆಟ್ಟಿನಲ್ಲಿ ಕೈ ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದ. "ಒಳಗ ಬಂದ ಮ್ಯಾಲ ಎಲ್ಲರಿಗೂ ನೆನಪಾಗ್ತದ್ರಿ ಅಕ್ಕೋರೆ. ಇಪ್ಪತ್ತ ವರ್ಷದಿಂದ ನೋಡಾಕತ್ತೀನಿ." ನನಗೆ ಸಿಟ್ಟು ಬಂತು. ಡಾಕ್ಟರಮ್ಮ ಒಂದು ದವಡೆ ಹಲ್ಲು ತೆಗೆಸಿ ಚಿಕ್ಕ ಬಾಟಲಿಯಲ್ಲಿ ಹಾಕಿಟ್ಟುಕೊಂಡರು. ತಕರಾರು ಬಂದರೆ ಬೇಕಾಗುತ್ತದೆ ಎಂದರು. ತಕರಾರು ಮಾಡುವವರು ಯಾರೂ ಇರಲಿಲ್ಲ.

ಆ ದಿನದ ದಿನಚರಿಯಲ್ಲಿ ಹೀಗಿದೆ: 'ಸುಜಾತಾ ಸಿಕ್ಕಳು. ಹಲ್ಲಿನಿಂದ ಗುರುತಿಸಿದೆ. ನಗುವಾಗ ಕಂದು ಪಟ್ಟೆ ಕಾಣುತ್ತಿತ್ತು.' ಅಕ್ಷರ ಸ್ವಲ್ಪವೂ ನಡುಗಿಲ್ಲ.

ನಾಗಮ್ಮನ ಮನೆಯವರಲ್ಲಿ ಮಣ್ಣು ಮಾಡುವ ಪದ್ಧತಿ. ಮಾಡಿದರು. ಪ್ರತಿ ಅಮಾವಾಸ್ಯೆ ಅವಳು ಗೋರಿಗೆ ಅನ್ನ, ಪುಂಡಿಪಲ್ಯ ಒಯ್ಯುತ್ತಿದ್ದಳು. ಮರುದಿನ ಶಾಲೆಯಲ್ಲಿ ಬಿಸಿಯೂಟದ ರುಚಿ ನೋಡಲು ನನಗೆ ಮೊದಲ ತುತ್ತು ಕೊಡುವಾಗ, "ನಿಮ್ಮ ಉಪಕಾರ ಅಕ್ಕೋರೆ, ನನ್ನ ಮಗಳು ನನ್ನ ಕೈಯಾಗ ಸಿಕ್ಕಳು. ಪಾಪ, ಆ ಚಿಂಚೋಳಿ ಮನಿಷಾಗ ಅದೂ ಇಲ್ಲ" ಎನ್ನುತ್ತಿದ್ದಳು. ನಾನು ತಲೆಯಾಡಿಸಿ ಉಪ್ಪು ಸರಿಯಾಗಿದೆ ಎನ್ನುತ್ತಿದ್ದೆ.

ಚಿಂಚೋಳಿ ಮನುಷ್ಯ, ಶರಣಪ್ಪ, ನದಿ ಬಿಟ್ಟಿರಲಿಲ್ಲ. ನೀರು ಇಳಿದ ಮೇಲೆ ವಾರಕ್ಕೊಮ್ಮೆ ಬಂದು ದಂಡೆಗುಂಟ ನಡೆಯುತ್ತಿದ್ದ. ಮೀನು ಹಿಡಿಯುವವರನ್ನು, ಉಸುಕು ತುಂಬುವವರನ್ನು, ಬಟ್ಟೆ ಒಗೆಯುವವರನ್ನು ಕೇಳುತ್ತಿದ್ದ. ದೀಪಾವಳಿಯ ಆಚೆ ಒಂದು ಮಧ್ಯಾಹ್ನ ಶಾಲೆಗೆ ಬಂದ. ನನ್ನ ವಿದ್ಯಾರ್ಥಿಗಳು ನದಿಯ ಕಡೆಯ ಹಳ್ಳಿಗಳಿಂದಲೂ ಬರುತ್ತಾರೆಂದು ಯಾರೋ ಹೇಳಿದ್ದರಂತೆ, ಮಕ್ಕಳಿಗೆ ಫೋಟೋ ತೋರಿಸಬಹುದೇ ಎಂದು ಕೇಳಲು ಬಂದಿದ್ದ. ಫೋನ್ ತೆಗೆದು ಅಂಗಿಯ ಅಂಚಿನಿಂದ ಒರೆಸಿ ನನ್ನ ಕೈಗೆ ಕೊಟ್ಟ.

"ನೋಡ್ರಿ ಬಾಯೋರೆ, ಅನಸೂಯಾ. ಫೋಟೋ ತೆಗ್ಯಾಗ ಯಾವಾಗನೂ ಬಾಯಿಗಿ ಕೈ ಅಡ್ಡ ಹಿಡಿತಿದ್ಳು. ಇದೊಂದ್ರಾಗೇ ನಕ್ಕಾಳ. ನಮ್ಮೂರ ನೀರೇ ಹಂಗ್ರಿ, ಎಲ್ಲರ ಹಲ್ಲೂ ತುಕ್ಕು ಹಿಡದಂಗ ಆಗ್ಯಾವ." ಹಾಗೆಂದು ತನ್ನ ಹಲ್ಲುಗಳನ್ನೂ ತೋರಿಸಿ ಸ್ವಲ್ಪ ನಕ್ಕ.

ನಾನು ಫೋನ್ ಹಿಂದಿರುಗಿಸಿದೆ. ಮಕ್ಕಳಿಗೆ ತೋರಿಸೋಣ ಎಂದೆ. ತೋರಿಸಿದೆ ಕೂಡ, ಮೂರೂ ತರಗತಿಗಳಿಗೆ ಕರೆದುಕೊಂಡು ಹೋಗಿ.

ಆ ವಾರ ಕಾಳಗಿ ಕಡೆಯ ಮದುವೆಮನೆಗೆ ಹೋದೆ. ಮದುಮಗಳ ತಾಯಿ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಸುಜಾತಾ ಹೊರಡುವಾಗ ಏನು ಉಟ್ಟಿದ್ದಳು ಎಂದು ಕೇಳಿದೆ.

"ಆಯೇರಿ ಸೀರಿ ಉಟ್ಟಾಳ್ರಿ, ಮತ್ತೇನು? ತಂಬಾಕು ಬಣ್ಣದ್ದು. ನಾನೇ ಉಡಿಸಿ ಕಳ್ಸೀನಿ. ಆಕಿ ಉಟ್ಟುಬಂದಿದ್ದ ಹಸರ ಸೀರಿ ಆ ನರ್ಸ್ ಹುಡುಗಿಗಿ ಕೊಟ್ಟಳು. ಆ ಹುಡುಗಿ ಚೂಡಿದಾರಕ್ಕ ಎಲ್ಲಾ ರಾಡಿ ಸಿಡದಿತ್ತು. ಉಡಾಕ ಬರಲ್ಲ ಅಂದ್ರೂ ಬಿಡಲಿಲ್ಲ, ಸುಜಾತಾನೇ ನಿರಿಗಿ ಹಿಡದು ಉಡಿಸಿದ್ಳು. ಭಾಳ ನಗಾಕತ್ತಿದ್ರು ಇಬ್ರೂ."

ಈ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮದುವೆಗೆ ಬಂದ ಹತ್ತಿರದ ಹೆಣ್ಣುಮಕ್ಕಳಿಗೆ ಮನೆಯವರು ಆಯೇರಿ ಎಂದು ಹೊಸ ಸೀರೆ ಕೊಡುತ್ತಾರೆ. ಅದನ್ನು ಅಲ್ಲಿಯೇ ಉಟ್ಟುಕೊಂಡು ಹೊರಡಬೇಕು, ಇಲ್ಲದಿದ್ದರೆ ಕೊಟ್ಟವರಿಗೆ ಬೇಸರ. ನಾನೇ ಎಷ್ಟು ಮದುವೆಗಳಿಂದ ಹೊಸ ಸೀರೆಯಲ್ಲಿ ಬಂದಿಲ್ಲ, ಉಟ್ಟು ಹೋದದ್ದನ್ನು ಚೀಲದಲ್ಲಿ ತುರುಕಿಕೊಂಡು! ಮದುವೆಗೆ ಹೋದ ಬಟ್ಟೆಯಲ್ಲೇ ಹೆಣ್ಣುಮಗಳು ಮದುವೆಯಿಂದ ಬರುತ್ತಾಳೆ ಎಂದು ಪೊಲೀಸಪ್ಪನಿಗೆ ಅನ್ನಿಸಿದ್ದರೆ ಅದು ಬೇರೆ. ನನಗೆ ಹೇಗೆ ಅನ್ನಿಸಿತು? ಬಸ್‌ಸ್ಟ್ಯಾಂಡಿನಲ್ಲಿ ಕಂಡದ್ದು ನಿಜವಾಗಿತ್ತು, ರಫು ನಿಜವಾಗಿತ್ತು. ಅವೆರಡರ ಸೊಕ್ಕಿನಲ್ಲಿ ಮೂರನೆಯದನ್ನು ನಾನೇ ಹೆಣೆದುಬಿಟ್ಟೆ.

ಆಮೇಲೆ ಹದಿನೇಳು ದಿನ ಯಾರಿಗೂ ಹೇಳಲಿಲ್ಲ. ದಿನಚರಿಯಲ್ಲಿ ಆ ಹದಿನೇಳು ದಿನವೂ ಹವಾಮಾನ ಬರೆದಿದ್ದೇನೆ. ಯೋಚಿಸಿ, ಒಂದು ಗೋರಿ, ಎರಡು ಮನೆ. ನಾನು ಬಾಯಿ ಬಿಡದಿದ್ದರೆ ನಾಗಮ್ಮನಿಗೆ ಮಗಳ ಗೋರಿ ಉಳಿಯುತ್ತದೆ, ಶರಣಪ್ಪ ಸಾಯುವವರೆಗೆ ನದಿ ದಂಡೆ ನಡೆಯುತ್ತಾನೆ. ಬಾಯಿ ಬಿಟ್ಟರೆ ಅವನಿಗೆ ಮಗಳು ಸಿಗುತ್ತಾಳೆ, ನಾಗಮ್ಮನಿಗೆ ಏನೂ ಇಲ್ಲ. ನಡುವೆ ಒಂದು ಅಮಾವಾಸ್ಯೆ ಬಂತು. ನಾಗಮ್ಮ ಬುತ್ತಿ ಕಟ್ಟಿಕೊಂಡು ಹೋಗುವುದನ್ನು ರಸ್ತೆಯ ಈಚೆ ನಿಂತು ನೋಡಿದೆ.

ಹದಿನೆಂಟನೆಯ ದಿನ ಊಟದ ಪಾತ್ರೆಗಳನ್ನು ತೊಳೆದ ಮೇಲೆ ಅವಳ ಪಕ್ಕ ಕುಳಿತು ಹೇಳಿದೆ. ಸೀರೆ, ಫೋಟೋ, ಹಲ್ಲು, ಎಲ್ಲ. ಅವಳು ಕೈಯಲ್ಲಿದ್ದ ತೆಂಗಿನ ನಾರನ್ನು ಹಿಂಡುತ್ತಲೇ ಇದ್ದಳು.

"ಕಂದು ಹಲ್ಲು ಅಂತ ಯಾರಂದ್ರು?" ಎಂದಳು ಕೊನೆಗೆ. "ನನ್ನ ಮಗಳ ಹಲ್ಲು ಹಸಿ ಕೊಬ್ಬರಿ ಹೋಳಿನಂಗಿದ್ವು. ನೀವು ನನ್ನ ಯಾಕ ಕೇಳಲಿಲ್ಲ?"

"ಡಾಕ್ಟರಮ್ಮ ಕೇಳಾಕ ಬಂದಿದ್ರು..."

"ಅವರು ಬಿಡ್ರಿ. ನೀವು. ನೀವು ಯಾಕ ಕೇಳಲಿಲ್ಲ? ಕೊಟ್ಟಾಕಿನೂ ನೀವೇ, ಈಗ ಕಸಗೊಳ್ಳಾಕಿನೂ ನೀವೇ. ನಾಳಿ ಬಂದು ಮತ್ತೇನ್ ಅಂತೀರಿ? ನನಗ ಮಗಳೇ ಇದ್ದಿದ್ದಿಲ್ಲ ಅಂತೀರೇನು?"

ಡಾಕ್ಟರಮ್ಮನಿಗೆ ಪತ್ರ ಬರೆದೆ. ಅವರು ಬಾಟಲಿಯಲ್ಲಿಟ್ಟಿದ್ದ ದವಡೆ ಹಲ್ಲು ಮತ್ತು ಶರಣಪ್ಪನ ರಕ್ತ ತಾಳೆಯಾದವು. ತಹಶೀಲ್ದಾರರ ಮುಂದೆ ಗೋರಿ ಅಗೆದರು. ಹುಸೇನಪ್ಪನೇ ಕೆಳಗೆ ಇಳಿದ. ನನ್ನನ್ನು ಪಂಚರಲ್ಲೊಬ್ಬಳಾಗಿ ಯಾರೂ ಕರೆಯಲಿಲ್ಲ, ನಾನು ಬೇಲಿಯ ಹತ್ತಿರ ನಿಂತಿದ್ದೆ. ಶರಣಪ್ಪ ಮಗಳನ್ನು ಬಿಳಿ ಬಟ್ಟೆಯಲ್ಲಿ ಇಸಿದುಕೊಂಡು, ನಾಗಮ್ಮನ ಮುಂದೆ ನಿಂತು, "ಇಷ್ಟು ದಿನ ನಮ್ಮಾಕಿಗಿ ಅನ್ನ ಇಟ್ಟೀಯವ್ವ" ಎಂದ. ನಾಗಮ್ಮ ಅವನನ್ನು ನೋಡಲಿಲ್ಲ. ಸನಿಕೆ ಹಿಡಿದವರನ್ನು ನೋಡುತ್ತಿದ್ದಳು.

"ಗುಂಡಿ ಮುಚ್ಚಬ್ಯಾಡ್ರಿ. ನನ್ನ ಮಗಳು ಬರೂದು ಅದ" ಎಂದಳು.

ದನಕರು ಬೀಳುತ್ತವೆ, ಮಕ್ಕಳು ಬೀಳುತ್ತಾರೆ, ಹಾಗೆ ಬಿಡಲು ಬರುವುದಿಲ್ಲ ಎಂದು ತಹಶೀಲ್ದಾರರು ಮೆಲ್ಲಗೆ ವಿವರಿಸಿದರು. ಮುಚ್ಚಿದರು. ನಾಗಮ್ಮ ಕೊನೆಯ ಸನಿಕೆ ಮಣ್ಣು ಬೀಳುವವರೆಗೂ ನಿಂತಿದ್ದಳು.

ಅದಾದ ಕೆಲವು ತಿಂಗಳಿಗೆ ಒಂದು ದಿನ, ಅಕ್ಕಿ ಆರಿಸುತ್ತ, ನನ್ನ ಕಡೆ ತಿರುಗದೆ ಹೇಳಿದಳು. "ನೀವು ಆ ಹಲ್ಲಿನ ಮಾತು ಹೇಳಿದ ದಿನದಿಂದ, ಕಣ್ಣು ಮುಚ್ಚಿದ್ರ ಸುಜಾತಾ ಅವೇ ಹಲ್ಲಿಲೆ ನಗ್ತಾಳ್ರಿ. ಆಕಿವು ಹಂಗಿದ್ದಿಲ್ಲ ಅಂತ ನಂಗ ಗೊತ್ತದ. ಗೊತ್ತಿದ್ರೂ ಹಂಗೇ ಕಾಣಾಕತ್ತಾವ." ನಾನು ಸೃಷ್ಟಿಸಿದ ಕಿಟಕಿಯ ಪಕ್ಕದ ಹುಡುಗಿ ಅವಳ ಮನೆಯೊಳಗೂ ಹೋಗಿ ಕುಳಿತಿದ್ದಳು.

ಇಲ್ಲಿಯವರೆಗೆ ಈ ಭಾನುವಾರದಿಂದ ಮಂಗಳವಾರದವರೆಗೆ ಬರೆದದ್ದು. ಬುಧವಾರ ನಿಲ್ಲಿಸಬೇಕಾಯಿತು. ಶಹಾಬಾದಿನ ಕೆಳಗೆ ನದಿಯಲ್ಲಿ ಉಸುಕು ತೆಗೆಯುವವರಿಗೆ ಕೆಲವು ಎಲುಬುಗಳು, ಒಂದು ಕೆಳದವಡೆ ಸಿಕ್ಕಿದ್ದವು. ನಾಗಮ್ಮನಿಗೆ ಕರೆ ಬಂತು. ಅವಳು ನನ್ನ ತರಗತಿಯ ಬಾಗಿಲಿಗೆ ಬಂದು ನಿಂತು, "ನೀವೂ ಬರ್ರಿ" ಎಂದಳು. ಇಷ್ಟು ದಿನಗಳಲ್ಲಿ ಅವಳಾಗಿಯೇ ನನ್ನನ್ನು ಕೇಳಿದ್ದು ಅದೊಂದೇ.

ಶಹಾಬಾದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಅವಳ ರಕ್ತ ತೆಗೆಸಿದರು. ನೋಡುವುದು ಬೇಡ, ವರದಿ ಬರಲಿ ಎಂದರು. ನಾಗಮ್ಮ ಹಟ ಹಿಡಿದಳು. ಬಟ್ಟೆ ಸರಿಸಿದಾಗ ತಟ್ಟೆಯಲ್ಲಿ ದವಡೆ ಇತ್ತು, ಐದೋ ಆರೋ ಹಲ್ಲುಗಳು ಉಳಿದಿದ್ದವು. ನದಿಯ ಮಣ್ಣಿನ ಬಣ್ಣ. ಅದು ಹಲ್ಲಿನದೇ ಬಣ್ಣವೋ, ಮೇಲೆ ಕೂತದ್ದೋ, ನೋಡಿ ಹೇಳಲು ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನಾಗಮ್ಮ ಬಾಗಿ ನೋಡಿದಳು. ತುಂಬ ಹೊತ್ತು ನೋಡಿದಳು.

"ನಂಗ ತಿಳೀವಲ್ದು" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀವು ನೋಡ್ರಿ ಅಕ್ಕೋರೆ. ಆಕಿನೇ ಏನು?"

ನೋಡಿದೆ. ನನ್ನೊಳಗೆ ಆ ಕಿಟಕಿಯ ಬಿಸಿಲು ಬೀಳತೊಡಗಿತು, ಹುಡುಗಿ ಬಾಯಿ ತೆರೆಯುವವಳಿದ್ದಳು. ಕಣ್ಣು ಬೇರೆ ಕಡೆ ತೆಗೆದೆ.

"ನನಗ ಗೊತ್ತಿಲ್ಲ ನಾಗಮ್ಮ."

ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಬಯ್ಯುವ ದನಿಯಲ್ಲ, ಸಂತೆಯಲ್ಲಿ ಏನನ್ನೋ ವಿಚಾರಿಸುವ ದನಿಯಲ್ಲಿ ಕೇಳಿದಳು.

"ಈ ಮಾತು ಅವತ್ತ ಅಂದಿದ್ರ ನಿಮ್ದೇನ್ ಹೋಗ್ತಿತ್ರಿ?"

ಸೆರಗು ಹೊದ್ದು ಹೊರಗೆ ಹೋಗಿ ಆಟೋದಲ್ಲಿ ಕುಳಿತಳು. ನಾನು ಪಕ್ಕದಲ್ಲಿ ಕುಳಿತೆ. ವರದಿ ಯಾವಾಗ ಬರುತ್ತದೆಂದು ಡಾಕ್ಟರಮ್ಮನಿಗೂ ಗೊತ್ತಿಲ್ಲವಂತೆ.